ಗಟ್ಟಿ ಹುಡುಗ ಅಂದಿದ್ದು ನಾನೇ

ಸಕಲೇಶಪುರ ತಾಲ್ಲೂಕಿನ ಬಿಸಿಲೆ, ಹೆತ್ತೂರು, ಯಸಳೂರು ಕಡೆಯ ಹಳ್ಳಿಗಳಲ್ಲಿ ದೊಡ್ಡವರು ಹೆಮ್ಮೆಯಿಂದ ಹೇಳುವ ಮಾತೊಂದಿದೆ: 'ನಮ್ಮ ಮಕ್ಳು ಗಟ್ಟಿ ಬಿಡಿ.' ಮಾತು ಸುಳ್ಳಲ್ಲ. ಮಳೆಗಾಲದ ತಿಂಗಳುಗಳಲ್ಲಿ ಕಾಲಿಗೆ ಹತ್ತಿದ ಇಂಬಳ ಕಿತ್ತುಹಾಕುತ್ತ, ತೋಟದ ಕಾಲುದಾರಿಯಲ್ಲಿ ಜಾರದೆ ನಡೆದು, ಒದ್ದೆ ಬಟ್ಟೆಯಲ್ಲೇ ಶಾಲೆಯಲ್ಲಿ ಕೂತು ಬರುವ ಮಕ್ಕಳು ಗಟ್ಟಿ ಇರಲೇಬೇಕು. ಆದರೆ ಈ ನಿಜವಾದ ಮಾತನ್ನೇ ನೆಪ ಮಾಡಿಕೊಂಡು ನಾನು ಒಬ್ಬ ಹುಡುಗನ ಕಾಲು ಮುರಿಯಲು ಕಾರಣನಾದೆ. ಮಕ್ಕಳಿಗೆ ಫುಟ್‌ಬಾಲ್ ಆಡಿಸುವ ಬೇರೆ ಯಾರೂ ಅದೇ ತಪ್ಪು ಮಾಡದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ತರಬೇತಿ ಪಡೆದ ಕೋಚ್ ಅಲ್ಲ. ಒಂದಿಷ್ಟು ಕಾಫಿ, ಮೆಣಸು, ಸ್ವಲ್ಪ ಗದ್ದೆ ಇರುವ ಸಣ್ಣ ಬೆಳೆಗಾರ. ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದ್ದೆ, ಆ ಆಸೆ ಬಿಟ್ಟಿರಲಿಲ್ಲ. ಪಕ್ಕದ ಕೊಡಗಿನಲ್ಲಿ ಹಾಕಿಯ ಜೊತೆಗೆ ಫುಟ್‌ಬಾಲೂ ಬೆಳೆದಿದೆ. ಸುಂಟಿಕೊಪ್ಪದ ಗೋಲ್ಡ್ ಕಪ್ ನೋಡಿ ಬಂದವರ ಮಾತು ಕೇಳಿದರೆ ನಮ್ಮ ಮಕ್ಕಳೂ ಯಾಕೆ ಆಡಬಾರದು ಅನಿಸುತ್ತಿತ್ತು. ಊರಿನ ಮನೆಗಳ ಮಕ್ಕಳು, ತೋಟದ ಕೂಲಿಯವರ ಲೈನ್ ಮನೆಗಳ ಮಕ್ಕಳು ಎಲ್ಲರನ್ನೂ ಸೇರಿಸಿ ಒಂದು ತಂಡ ಕಟ್ಟಿದೆ.

ಆಡಲು ಜಾಗವೇ ಇಲ್ಲಿ ಕಷ್ಟ. ಬಿಸಿಲೆ ದಾರಿಯ ಮಂಕನಹಳ್ಳಿ ಬಳಿಯ ದಿಣ್ಣೆಯ ಮೇಲೆ ಬಿದ್ದ ಮಳೆ ಒಂದು ಪಕ್ಕಕ್ಕೆ ಇಳಿದರೆ ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಪಕ್ಕಕ್ಕೆ ಇಳಿದರೆ ಕುಮಾರಧಾರೆ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಇಂಥ ಇಳಿಜಾರಿನ ಸೀಮೆಯಲ್ಲಿ ಮಕ್ಕಳ ಪಾಲಿಗೆ ಉಳಿಯುವ ಮಟ್ಟಸ ನೆಲ ಮೂರೇ: ಶಾಲೆಯ ಅಂಗಳ, ಕಾಫಿ ಒಣಗಿಸುವ ಕಣ, ಕೊಯ್ಲು ಮುಗಿದ ಗದ್ದೆ. ನಾವು ಆರಿಸಿಕೊಂಡದ್ದು ಗದ್ದೆ. ಭತ್ತ ಕೊಯ್ದ ಮೇಲೆ ಉಳಿದ ಕೂಳೆ ಒಣಗಿ ಚೂಪಾಗಿ ನಿಂತಿರುತ್ತದೆ, ಮೂಲೆಯಲ್ಲೆಲ್ಲೋ ಒರತೆಯ ತೇವ ಇರುತ್ತದೆ, ಬದುವಿನ ಆಚೆಗೆ ಮುಳ್ಳುತಂತಿ. ಇದೆಲ್ಲ ನನ್ನ ಕಣ್ಣಿಗೆ ದಿನವೂ ಬೀಳುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ ನೆಲವಾದ್ದರಿಂದ ಅದರಲ್ಲಿ ಅಪಾಯ ಕಾಣಲಿಲ್ಲ.

ಒಂದು ಬೇಸಿಗೆಯಲ್ಲಿ ಸುತ್ತಲಿನ ಹಳ್ಳಿಗಳ ತಂಡಗಳನ್ನು ಕರೆದು ಮಕ್ಕಳ ಪಂದ್ಯ ಇಡೋಣ ಎಂದು ಎಲ್ಲರೂ ಸೇರಿ ತೀರ್ಮಾನಿಸಿದೆವು. ಚಂದಾ ಎತ್ತಿದೆವು, ತೋಟದ ಮಾಲೀಕರು ಧಾರಾಳವಾಗಿ ಕೊಟ್ಟರು. ಆ ದುಡ್ಡನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು ಹೇಳಿದವನು ನಾನು. ಬೆನ್ನ ಮೇಲೆ ಹೆಸರು, ನಂಬರು ಅಚ್ಚು ಹಾಕಿಸಿದ ಜೆರ್ಸಿ, ಎತ್ತರದ ಕಪ್ಪು, ಶಾಮಿಯಾನ, ಮೈಕ್‌ಸೆಟ್. ಪಟ್ಟಿಯಲ್ಲಿ ಮೊಣಕಾಲ ಕೆಳಗಿನ ಎಲುಬಿಗೆ ಕಟ್ಟುವ ರಕ್ಷೆ, ಶಿನ್ ಗಾರ್ಡ್, ಬರೆದಿದ್ದೆ, ಆಮೇಲೆ ಹೊಡೆದುಹಾಕಿದೆ. ಸರ್ಕಾರಿ ಶಾಲೆಯಲ್ಲಿ ಕೊಟ್ಟ ಕಪ್ಪು ಶೂ ಹೇಗೂ ಇದೆ, ಶೂ ಇಲ್ಲದವರು ಬರಿಗಾಲಲ್ಲೇ ಆಡಲಿ, ಅಭ್ಯಾಸ ಇದೆಯಲ್ಲ ಎಂದುಕೊಂಡೆ. ಹೆಸರು ಅಚ್ಚು ಹಾಕಿಸಿದ ಒಂದು ಜೆರ್ಸಿಯ ದುಡ್ಡಿಗೆ ಒಂದು ಜೊತೆ ಶಿನ್ ಗಾರ್ಡ್ ಬರುತ್ತಿತ್ತು.

ಆಟದ ನಿಯಮ ಗೊತ್ತಿಲ್ಲದೆ ಹೀಗೆ ಮಾಡಿದೆ ಎಂದು ಹೇಳಿಕೊಳ್ಳುವ ಹಾಗೂ ಇಲ್ಲ. ಫುಟ್‌ಬಾಲಿನ ನಾಲ್ಕನೇ ನಿಯಮದಲ್ಲಿ ಆಟಗಾರನ ಕಡ್ಡಾಯ ಉಡುಪು ಐದೇ ಐದು: ತೋಳಿರುವ ಅಂಗಿ, ಚಡ್ಡಿ, ಕಾಲುಚೀಲ, ಶಿನ್ ಗಾರ್ಡ್, ಶೂ. ಶಿನ್ ಗಾರ್ಡ್ ಕಾಲುಚೀಲದೊಳಗೆ ಮುಚ್ಚಿರಬೇಕು. ಕಾಲೇಜಿನಲ್ಲಿ ಅದನ್ನು ಕಟ್ಟದೆ ನನ್ನನ್ನು ಮೈದಾನಕ್ಕೆ ಇಳಿಸಿರಲಿಲ್ಲ. ಆದರೂ ನಮ್ಮ ಮಕ್ಕಳ ವಿಷಯ ಬಂದಾಗ ಅದೆಲ್ಲ ಪೇಟೆಯ ಮಕ್ಕಳಿಗೆ ಎಂದುಕೊಂಡೆ.

ಬರಿಗಾಲಿನ ಆಟದ ಬಗ್ಗೆ ನನಗಿದ್ದ ಅಭಿಮಾನವೂ ಇದರಲ್ಲಿ ಸೇರಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಹೆಚ್ಚಿನ ಆಟಗಾರರು ಬರಿಗಾಲಲ್ಲಿ ಫ್ರಾನ್ಸ್ ವಿರುದ್ಧ ಆಡಿ 1-2ರಿಂದ ಸೋತರು. ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಆ ಕಥೆಯನ್ನು ನಾನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೆನೋ. ಅದರ ಮುಂದಿನ ಭಾಗವನ್ನು ಹೇಳಿರಲಿಲ್ಲ. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಅದೇ ರೀತಿ ಆಡಲು ಹೋಗಿ ಯುಗೊಸ್ಲಾವಿಯದ ಎದುರು 1-10ರಿಂದ ಸೋತೆವು. ಆ ಪೆಟ್ಟಿನ ಮೇಲೆ ಭಾರತದ ಫುಟ್‌ಬಾಲ್ ಫೆಡರೇಷನ್ ಬೂಟು ಕಡ್ಡಾಯ ಮಾಡಿತು. 1956ರ ಮೆಲ್ಬರ್ನ್‌ನಲ್ಲಿ ಬೂಟು ಹಾಕಿಕೊಂಡ ತಂಡ ನಾಲ್ಕನೇ ಸ್ಥಾನಕ್ಕೆ ಬಂತು. ಭಾರತದ ಫುಟ್‌ಬಾಲ್ ಒಲಿಂಪಿಕ್ಸ್‌ನಲ್ಲಿ ಅದಕ್ಕಿಂತ ಮೇಲೆ ಎಂದೂ ಹೋಗಿಲ್ಲ. ರಾಮನ್ ಅವರ ಧೈರ್ಯ ದೊಡ್ಡದು. ಆದರೆ ಆ ಧೈರ್ಯದ ಕಥೆ ಹೇಳಿ ಶೂ ಕೊಡಿಸದೆ ಉಳಿಯುವುದು ದೊಡ್ಡವರ ಜಿಪುಣತನ.

ಪಂದ್ಯದ ದಿನ ಎದುರು ತಂಡದಲ್ಲಿ ಇಬ್ಬರು ಮೂವರು ಹುಡುಗರು ನಮ್ಮವರಿಗಿಂತ ಮಾರುದ್ದ ಬೆಳೆದಿದ್ದರು. ವಯಸ್ಸು ಹೆಚ್ಚುಕಮ್ಮಿ ಒಂದೇ, ಮೈ ಮಾತ್ರ ಬೇರೆ. ಅವರ ಕಾಲಲ್ಲಿ ಸ್ಟಡ್ ಶೂ ಇತ್ತು. ನಮ್ಮ ತಂಡದ ಮುಂದಾಳು ಹನ್ನೊಂದು ವರ್ಷದ ಹುಡುಗ. ಲೈನ್ ಮನೆಯವನು, ಚುರುಕು ಅಂದರೆ ಚುರುಕು. ಮೊದಲರ್ಧದಲ್ಲೇ ಅವನ ಬಲಗಾಲಿಗೆ ಒದೆ ಬಿತ್ತು. ಮೊಣಕಾಲಿನ ಕೆಳಗೆ ಮುಂಭಾಗದಲ್ಲಿ ಚರ್ಮದ ಅಡಿಗೇ ಎಲುಬು. ನಡುವೆ ತಡೆಯಲು ಮಾಂಸ ಇಲ್ಲ, ಬಿದ್ದ ಪೆಟ್ಟು ನೇರ ಎಲುಬಿಗೇ. ವಿರಾಮದಲ್ಲಿ ನೋಡಿದಾಗ ಊದಿಕೊಂಡಿತ್ತು. 'ನೋವಿದ್ಯೇನೋ?' ಎಂದೆ. ಅವನು ನನ್ನ ಮುಖ ನೋಡಿ, 'ಏನಿಲ್ಲ ಅಣ್ಣ, ಆಡ್ತೀನಿ' ಎಂದ. ನಾನು ನೋವಿನ ಸ್ಪ್ರೇ ಹೊಡೆದು, ಮೈಕಿನವನಿಗೂ ಕೇಳುವ ಹಾಗೆ 'ನಮ್ಮ ಗಟ್ಟಿ ಹುಡುಗ!' ಎಂದು ಬೆನ್ನು ತಟ್ಟಿ ಒಳಗೆ ಕಳಿಸಿದೆ. ಜನ ಚಪ್ಪಾಳೆ ಹೊಡೆದರು.

ಎರಡನೇ ಅರ್ಧದಲ್ಲಿ ಅವನು ಚೆಂಡಿನ ಹಿಂದೆ ಓಡುತ್ತ ಗದ್ದೆಯ ತೇವದ ಮೂಲೆಗೆ ಹೋದ. ಶಾಲೆಯ ಶೂವಿನ ನುಣುಪು ಅಟ್ಟೆ ಜಾರಿತು. ಅದೇ ಹೊತ್ತಿಗೆ ಎದುರಿನಿಂದ ಬಂದ ದೊಡ್ಡ ಹುಡುಗನ ಕಾಲು ಇವನ ಕಾಲಿಗೆ ಬಡಿದು, ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದರು. ಆ ಹುಡುಗನ ತಪ್ಪೇನೂ ಇರಲಿಲ್ಲ. ಇವನು ಏಳಲಿಲ್ಲ.

ಆಮೇಲಿನದನ್ನು ಬರೆಯುವುದು ನನಗೆ ಇನ್ನೂ ಕಷ್ಟ. ಯಾರೋ ಎಣ್ಣೆ ತಂದರು, ತಿಕ್ಕಲು ಶುರುಮಾಡಿದರು, ನಾನು ತಡೆಯಲಿಲ್ಲ. ಮೂಳೆ ಕಟ್ಟುವವರ ಹತ್ತಿರ ಹೋಗೋಣವೋ ಆಸ್ಪತ್ರೆಗೋ ಎಂಬ ಚರ್ಚೆಯಲ್ಲಿ ಹೊತ್ತು ಕಳೆಯಿತು. 108ಕ್ಕೆ ಫೋನ್ ಮಾಡಲು ನೆಟ್‌ವರ್ಕ್ ಇರಲಿಲ್ಲ. ಕೊನೆಗೆ ಕೈಕಾಲು ಹಿಡಿದು ಎತ್ತಿ, ಮುರಿದ ಕಾಲಿಗೆ ಯಾವ ಆಸರೆಯನ್ನೂ ಕೊಡದೆ, ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಸಕಲೇಶಪುರದ ಕಡೆ ಹೊರಟೆವು. ಆ ರಸ್ತೆಯ ತಿರುವು, ಗುಂಡಿ ಗೊತ್ತಿರುವವರಿಗೆ ಉಳಿದದ್ದನ್ನು ಹೇಳಬೇಕಾಗಿಲ್ಲ. ಹುಡುಗ ಕೂಗಲಿಲ್ಲ. ತುಟಿ ಕಚ್ಚಿಕೊಂಡಿದ್ದ. ಕೂಗಬಾರದು ಎಂದು ಅವನಿಗೆ ಕಲಿಸಿದವನು ನಾನೇ.

ಎಕ್ಸ್‌ರೇ ನೋಡಿದ ಡಾಕ್ಟರು ಹೇಳಿದ್ದು ನನಗೆ ಹೊಸದಾಗಿತ್ತು. ಮಕ್ಕಳ ಉದ್ದ ಮೂಳೆಗಳ ತುದಿಯ ಹತ್ತಿರ ಮೂಳೆ ಬೆಳೆಯುವ ಮೆತ್ತನೆಯ ಪದರವೊಂದಿರುತ್ತದೆ. ಹುಡುಗರಿಗೆ ಹದಿನೈದು, ಹದಿನೇಳು ವರ್ಷವಾಗುವ ತನಕ, ಹುಡುಗಿಯರಿಗೆ ಅದಕ್ಕಿಂತ ಸ್ವಲ್ಪ ಮೊದಲಿನ ತನಕ ಅದು ಗಟ್ಟಿಯಾಗಿರುವುದಿಲ್ಲ. ದೊಡ್ಡವರಿಗೆ ಉಳುಕಿನಲ್ಲಿ ಮುಗಿಯುವ ಪೆಟ್ಟು ಮಕ್ಕಳಲ್ಲಿ ಆ ಪದರವನ್ನೇ ಒಡೆಯಬಹುದು. ಸರಿಯಾಗಿ ಕೂಡದಿದ್ದರೆ ಆ ಕಾಲು ಗಿಡ್ಡವಾಗಬಹುದು, ಸೊಟ್ಟ ಬೆಳೆಯಬಹುದು. ಇವನಿಗೆ ಬಿರುಕು ಬಿದ್ದದ್ದು ಪಾದದ ಕೀಲಿನ ಹತ್ತಿರ, ಆ ಪದರಕ್ಕೆ ತಾಗಿಯೇ. ಊದಿದ ಕಡೆ ಎಣ್ಣೆ ಹಾಕಿ ತಿಕ್ಕಿದ್ದು, ಆಸರೆ ಇಲ್ಲದೆ ಕುಲುಕಿಸಿಕೊಂಡು ತಂದದ್ದು ಎರಡೂ ಪೆಟ್ಟನ್ನು ಹೆಚ್ಚು ಮಾಡುವ ಕೆಲಸ. ನಮ್ಮ ಮಕ್ಕಳ ಮೂಳೆಯೂ ಎಲ್ಲ ಮಕ್ಕಳ ಮೂಳೆಯ ಹಾಗೇ ಇದೆ ಎಂಬುದು ನನಗೆ ತಿಳಿದದ್ದು ಅಲ್ಲಿ.

ಅವನ ತಾಯಿ ತೋಟದ ಕೆಲಸದಿಂದ ಹಾಗೇ ಬಂದಿದ್ದರು. ಜೆರ್ಸಿಯನ್ನು ಮಡಿಚಿ ಚೀಲಕ್ಕೆ ಹಾಕುತ್ತ ಕೇಳಿದ್ದು ಒಂದೇ: 'ಬಟ್ಟೆ ಚೆನ್ನಾಗೈತೆ ಅಣ್ಣ. ಕಾಲಿಗೆ ಹಾಕೋದು ಏನೂ ಇರ್ಲಿಲ್ವಾ?' ಬೈದಿರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದರು. ನಾನು ಹೊಡೆದುಹಾಕಿದ ಆ ಸಾಲು ಕಣ್ಣ ಮುಂದೆ ಬಂತು. 'ಇತ್ತು, ನಾನು ತರಲಿಲ್ಲ' ಎಂದು ಹೇಳಿದೆ. ಮಗನ ಜೊತೆ ಆಸ್ಪತ್ರೆಗೆ ಅಲೆದು ಆ ತಾಯಿ ಕಳೆದುಕೊಂಡ ಕೂಲಿಯನ್ನು ನಾನು ತುಂಬಿಕೊಟ್ಟೆ. ಅವನು ಕಳೆದುಕೊಂಡ ಓಟದ ದಿನಗಳನ್ನು ತುಂಬಿಕೊಡಲು ಆಗಲಿಲ್ಲ. ಮೂಳೆ ನೆಟ್ಟಗೆ ಕೂಡಿತು, ಕಾಲು ಸರಿಯಾಗಿಯೇ ಬೆಳೆಯುತ್ತಿದೆ. ಅದು ಡಾಕ್ಟರ ಕೈಗುಣ, ಅವನ ಅದೃಷ್ಟ.

ಶಿನ್ ಗಾರ್ಡ್ ಇದ್ದಿದ್ದರೆ ಕಾಲು ಮುರಿಯುತ್ತಲೇ ಇರಲಿಲ್ಲ ಎಂದು ನಾನು ಹೇಳಲಾರೆ. ಅದು ಒಂದೇ ಜಾಗಕ್ಕೆ ಬೀಳುವ ಪೆಟ್ಟನ್ನು ಅಗಲಕ್ಕೆ ಹಂಚುತ್ತದೆ, ಎಲ್ಲವನ್ನೂ ತಡೆಯುವುದಿಲ್ಲ. ಆದರೆ ಮೊದಲ ಒದೆಗೆ ಕಾಲು ಅಷ್ಟು ಊದುತ್ತಿರಲಿಲ್ಲ. ಅಟ್ಟೆಗೆ ಹಿಡಿತ ಇದ್ದಿದ್ದರೆ ಅವನು ಜಾರುತ್ತಿರಲಿಲ್ಲ. ಮೈಕಟ್ಟು ನೋಡಿ ತಂಡ ಮಾಡಿದ್ದರೆ ಆ ಎರಡು ಕಾಲು ಎದುರುಬದುರಾಗುತ್ತಲೇ ಇರಲಿಲ್ಲ. ವಿರಾಮದಲ್ಲಿ ಅವನನ್ನು ಕೂರಿಸಿದ್ದರೆ ಎರಡನೇ ಪೆಟ್ಟೇ ಇಲ್ಲ. ತಡೆಯಲು ಇಷ್ಟು ಜಾಗ ಇತ್ತು. ಎಲ್ಲ ಕಡೆಯೂ ಬಾಗಿಲು ತೆರೆದು ಇಟ್ಟವನು ನಾನು.

ಅಲ್ಲಿಂದ ಕಲಿತದ್ದನ್ನು ಈಗ ಹೀಗೆ ಪಾಲಿಸುತ್ತೇವೆ.

ಶಿನ್ ಗಾರ್ಡ್ ಇಲ್ಲದೆ ಅಭ್ಯಾಸವೂ ಇಲ್ಲ. ಮೊಣಕಾಲಿನ ಸ್ವಲ್ಪ ಕೆಳಗಿನಿಂದ ಪಾದದ ಕೀಲಿನ ಸ್ವಲ್ಪ ಮೇಲಿನವರೆಗೆ ಅದು ಮುಚ್ಚಬೇಕು. ಅಣ್ಣನದ್ದು ತಮ್ಮನಿಗೆ ಕಟ್ಟಿದರೆ ಓಡುವಾಗ ತಿರುಗಿ ಪಕ್ಕಕ್ಕೆ ಬರುತ್ತದೆ; ಕಟ್ಟಿಯೂ ಪ್ರಯೋಜನವಿಲ್ಲ. ಶೂ ಕೊಳ್ಳುವಾಗ 'ಮುಂದಿನ ವರ್ಷಕ್ಕೂ ಆಗಲಿ' ಎಂದು ಎರಡು ಸೈಜ್ ದೊಡ್ಡದು ತರುವುದು ನಮ್ಮ ಕಡೆಯ ರೂಢಿ. ಒಳಗೆ ಪಾದ ಜಾರಿದರೆ ಕಾಲು ಉಳುಕುತ್ತದೆ. ಬೆರಳ ತುದಿಗೂ ಶೂ ಮೂತಿಗೂ ನಡುವೆ ಹೆಬ್ಬೆರಳಿನ ಅಗಲ ಸಾಕು. ಮಕ್ಕಳಿಗೆ ರಬ್ಬರಿನ ಅಚ್ಚು ಸ್ಟಡ್ ಇರುವ ಶೂ. ಕಬ್ಬಿಣದ ಸ್ಟಡ್ ಬೇಡವೇ ಬೇಡ. ಸಿಮೆಂಟಿನ ಕಣದಲ್ಲಿ ಸ್ಟಡ್ ಹಾಕಿ ಆಡಿಸುವುದಿಲ್ಲ.

ದುಡ್ಡಿನ ಕೊರತೆಗೆ ದಾರಿ ಸುಲಭದ್ದೇ ಇತ್ತು. ಮಕ್ಕಳ ಪಾದ ಶೂ ಸವೆಯುವುದಕ್ಕೆ ಮೊದಲೇ ಬೆಳೆಯುತ್ತದೆ. ಚಿಕ್ಕದಾದ ಶೂ, ಶಿನ್ ಗಾರ್ಡ್‌ಗಳನ್ನು ಒಂದು ಟ್ರಂಕಿನಲ್ಲಿ ಸೈಜ್ ಬರೆದು ಇಟ್ಟೆವು. ಬೇಕಾದ ಮಗು ಹೆಸರು ಬರೆಸಿ ತೆಗೆದುಕೊಂಡು ಹೋಗುತ್ತದೆ. ತೊಳೆದು ಪೂರ್ತಿ ಒಣಗಿಸಿ ವಾಪಸ್ ಕೊಡಬೇಕು ಎಂಬುದೊಂದೇ ಕಟ್ಟಳೆ. ನಮ್ಮ ಥಂಡಿಗೆ ಒದ್ದೆ ಶೂ ಬೂಸ್ಟು ಹಿಡಿದು, ಬೆರಳ ಸಂದಿಗೆ ಹುಳುಕಡ್ಡಿ ಹತ್ತುತ್ತದೆ.

ಕೊರಳಿನ ತಾಯತ, ಕೈಯ ಕಡಗ, ಓಲೆ, ಬಳೆ, ಗೆಜ್ಜೆ ಎಲ್ಲವನ್ನೂ ಬಿಚ್ಚಿಸಬೇಕು. ಪಟ್ಟಿ ಸುತ್ತಿ ಮುಚ್ಚಿದರೆ ನಡೆಯುತ್ತದೆ ಎಂಬ ವಾದವನ್ನೂ ನಿಯಮ ಒಪ್ಪುವುದಿಲ್ಲ. ಹರಕೆಯ ದಾರ ಬಿಚ್ಚಲು ಹಿಂಜರಿಯುವ ಮನೆಗಳಿವೆ. ಅಂಥವರಿಗೆ ನಾನೇ ಹೋಗಿ ಹೇಳಿ, ಆಟ ಮುಗಿಯುವ ತನಕ ತಾಯಿಯ ಕೈಯಲ್ಲೇ ಇಟ್ಟುಕೊಳ್ಳಲು ಕೇಳುತ್ತೇನೆ. ಈವರೆಗೆ ಯಾರೂ ಇಲ್ಲ ಎಂದಿಲ್ಲ.

ಚೆಂಡಿಗೂ ವಯಸ್ಸಿದೆ. ಎಂಟರೊಳಗಿನವರಿಗೆ ಮೂರನೇ ಸೈಜ್, ಎಂಟರಿಂದ ಹನ್ನೆರಡರವರೆಗೆ ನಾಲ್ಕನೇ ಸೈಜ್, ಆಮೇಲೆ ಐದು. ದೊಡ್ಡವರ ಐದನೇ ಸೈಜಿನ ಚೆಂಡು 410ರಿಂದ 450 ಗ್ರಾಂ ತೂಗುತ್ತದೆ. ಹೊಲಿಗೆ ಬಿಟ್ಟ ಹಳೆಯ ಚೆಂಡು ಕೆಸರು ನೀರು ಕುಡಿದರೆ ಇನ್ನೂ ಭಾರ. ಅದನ್ನು ಏಳು ವರ್ಷದ ಮಗುವಿನ ತಲೆಗೆ ಬಡಿಸಬಾರದು. ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲೇ ಹತ್ತು ವರ್ಷದವರೆಗಿನ ಮಕ್ಕಳಿಗೆ ತಲೆಯಿಂದ ಚೆಂಡು ಹೊಡೆಯುವುದನ್ನು ನಿಲ್ಲಿಸಿತು. 2020ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳು ಚಿಕ್ಕ ಮಕ್ಕಳ ಅಭ್ಯಾಸದಿಂದ ಅದನ್ನು ತೆಗೆದವು. ನಾವೂ ತೆಗೆದಿದ್ದೇವೆ. ತಲೆಗೆ ಪೆಟ್ಟು ಬಿದ್ದ ಮಗು ಮಂಕಾಗಿ ಕಂಡರೆ, ವಾಂತಿ ಬರುತ್ತದೆ ಎಂದರೆ, ಕೇಳಿದ್ದಕ್ಕೆ ತಡೆದು ಉತ್ತರಿಸಿದರೆ, ಅಂದು ಅದು ಮತ್ತೆ ಆಡುವುದಿಲ್ಲ. ಅನುಮಾನ ಬಂದರೂ ಸಾಕು, ಹೊರಗೆ ಕೂರಿಸಿ ಡಾಕ್ಟರಿಗೆ ತೋರಿಸುತ್ತೇವೆ.

ಗೋಲಿನ ಕಂಬಗಳನ್ನು ನಾವು ಬಿದಿರಿನಲ್ಲೋ ಅಡಿಕೆ ಮರದಲ್ಲೋ ಮಾಡುತ್ತೇವೆ. ಹಾರೆಯಲ್ಲಿ ಆಳವಾಗಿ ಗುಳಿ ತೋಡಿ ಹೂಳಬೇಕು, ಅಡ್ಡ ಗಳುವನ್ನು ಎಳೆದು ನೋಡಬೇಕು. ಎತ್ತಿಡುವ ಕಬ್ಬಿಣದ ಗೋಲ್‌ಪೋಸ್ಟ್ ಇನ್ನೂ ಅಪಾಯ. ಮಕ್ಕಳು ಜೋತುಬಿದ್ದಾಗ ಅದು ಮಗುಚಿ ಸಾವುಗಳೇ ಆಗಿವೆ. ಅದಕ್ಕೇ ನೆಲಕ್ಕೆ ಬಿಗಿಯದ ಗೋಲ್‌ಪೋಸ್ಟ್ ಇಡಬಾರದೆಂದು ಫುಟ್‌ಬಾಲಿನ ಮೊದಲನೇ ನಿಯಮವೇ ಹೇಳುತ್ತದೆ. ಆಟಕ್ಕೆ ಮೊದಲು ಇಬ್ಬರು ದೊಡ್ಡವರು ಗದ್ದೆ ಪೂರ್ತಿ ನಡೆದು ಕೂಳೆ ಸವರಿ, ಕಲ್ಲು, ಗಾಜು ಹೆಕ್ಕುತ್ತಾರೆ. ಮುಳ್ಳುತಂತಿ, ಆನೆಗೆ ಕಟ್ಟಿದ ಸೋಲಾರ್ ಬೇಲಿ ಇರುವ ಕಡೆಯಿಂದ ಗೆರೆಯನ್ನು ಒಳಕ್ಕೆ ಎಳೆಯುತ್ತೇವೆ.

ನಮ್ಮ ಸೀಮೆಗೇ ಸೇರಿದ ಎರಡು ಅಪಾಯಗಳಿವೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಗುಡುಗು ಒಂದು. ಗುಡುಗು ಕೇಳಿತೆಂದರೆ ಆಟ ನಿಲ್ಲುತ್ತದೆ, ಮಕ್ಕಳು ಮರದಡಿಗಲ್ಲ, ಕಟ್ಟಡದೊಳಗೆ ಹೋಗುತ್ತಾರೆ. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಕಳೆಯದೆ ಹೊರಗೆ ಬರುವಂತಿಲ್ಲ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆಯ ದಾಮಿನಿ ಆ್ಯಪ್ ಸಿಡಿಲಿನ ಮುನ್ಸೂಚನೆ ಕೊಡುತ್ತದೆ, ನೆಟ್‌ವರ್ಕ್ ಇರುವ ಕಡೆ ನೋಡಿಕೊಳ್ಳಬಹುದು. ಇನ್ನೊಂದು ಆನೆ. ಸಕಲೇಶಪುರ, ಆಲೂರು ತಾಲ್ಲೂಕುಗಳ ತೋಟಗಳಲ್ಲಿ ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆ ತಿಳಿಸುತ್ತಿರುತ್ತದೆ. ಆ ಸುದ್ದಿ ನೋಡದೆ ಮಕ್ಕಳನ್ನು ಸೇರಿಸುವುದಿಲ್ಲ. ಇನ್ನೊಂದು ಗೋಲಿನ ಆಸೆಗೆ ಸಂಜೆ ಕಪ್ಪಾಗುವ ತನಕ ಆಡಿಸಿದರೆ, ಆ ಮಕ್ಕಳು ತೋಟದೊಳಗಿನ ದಾರಿಯಲ್ಲಿ ಕತ್ತಲಲ್ಲಿ ನಡೆದು ಮನೆ ಸೇರಬೇಕು. ಆಟ ಬೆಳಕಿರುವಾಗಲೇ ಮುಗಿಯುತ್ತದೆ, ಮಕ್ಕಳು ಗುಂಪಾಗಿ ದೊಡ್ಡವರೊಬ್ಬರ ಜೊತೆ ಹೋಗುತ್ತಾರೆ.

ಟ್ರಂಕಿನ ಪಕ್ಕದಲ್ಲೇ ಪ್ರಥಮ ಚಿಕಿತ್ಸೆಯ ಡಬ್ಬಿ, ಎರಡು ಬಿದಿರು ದಬ್ಬೆ, ಹಳೆಯ ಟವೆಲುಗಳು ಇರುತ್ತವೆ. ಮೂಳೆ ಮುರಿದಿದೆ ಅನಿಸಿದರೆ ಎಳೆಯುವುದಿಲ್ಲ, ತಿಕ್ಕುವುದಿಲ್ಲ. ಟವೆಲು ಸುತ್ತಿದ ದಬ್ಬೆ ಇಟ್ಟು, ಪೆಟ್ಟಿನ ಮೇಲಿನ ಮತ್ತು ಕೆಳಗಿನ ಕೀಲು ಅಲುಗದಂತೆ ಕಟ್ಟುತ್ತೇವೆ. ಬೆರಳು ತಣ್ಣಗಾದರೆ, ನೀಲಿಯಾದರೆ ಕಟ್ಟು ಸಡಿಲಿಸಬೇಕು. ಆಪರೇಷನ್ ಬೇಕಾಗಬಹುದಾದ್ದರಿಂದ ತಿನ್ನಲು ಕುಡಿಯಲು ಏನೂ ಕೊಡುವುದಿಲ್ಲ. ಯಾವ ದಿಣ್ಣೆಯ ಮೇಲೆ ನೆಟ್‌ವರ್ಕ್ ಸಿಗುತ್ತದೆ, ಯಾರ ಗಾಡಿ ಸಿದ್ಧವಿದೆ ಎಂದು ಆಟಕ್ಕೆ ಮೊದಲೇ ತೀರ್ಮಾನವಾಗಿರುತ್ತದೆ. ಸಗಣಿ ಗೊಬ್ಬರ ಬಿದ್ದ ಗದ್ದೆಯ ಮಣ್ಣಿನಲ್ಲಿ ಧನುರ್ವಾಯುವಿನ ಭಯ ಇದ್ದೇ ಇದೆ. ಹತ್ತು ಮತ್ತು ಹದಿನಾರನೇ ವಯಸ್ಸಿನಲ್ಲಿ ಹಾಕಿಸಬೇಕಾದ ಟಿಡಿ ಲಸಿಕೆ ಆಗಿದೆಯೇ ಎಂದು ಆಶಾ ಕಾರ್ಯಕರ್ತೆಯರನ್ನು ಕೇಳಿ ಪಟ್ಟಿ ಮಾಡಿಟ್ಟಿದ್ದೇವೆ.

ಇಷ್ಟೆಲ್ಲ ಸಾಮಾನಿಗಿಂತ ಕಷ್ಟವಾದದ್ದು ನನ್ನ ನಾಲಿಗೆ ತಿದ್ದಿಕೊಳ್ಳುವುದು. ಆ ಹುಡುಗ ವಿರಾಮದಲ್ಲಿ 'ಏನಿಲ್ಲ' ಎಂದದ್ದು ನೋವಿಲ್ಲದ್ದಕ್ಕಲ್ಲ. ಹೌದೆಂದರೆ ತಂಡದ ಜಾಗ ಹೋಗುತ್ತದೆ, ನನ್ನ ಮೆಚ್ಚುಗೆಯೂ ಹೋಗುತ್ತದೆ ಎಂಬ ಹೆದರಿಕೆಗೆ. ಲೈನ್ ಮನೆಯ ಮಗುವಿಗೆ ಊರ ಮುಂದೆ ಹೆಸರು ಕೂಗಿಸಿಕೊಳ್ಳುವ ಅವಕಾಶ ಎಷ್ಟು ಸಲ ಬರುತ್ತದೆ? ಅದಕ್ಕಾಗಿ ಅವನು ಕಾಲನ್ನೇ ಪಣಕ್ಕಿಟ್ಟ. ಹನ್ನೊಂದು ವರ್ಷದ ಮಗುವನ್ನು 'ಆಡ್ತೀಯಾ?' ಎಂದು ಕೇಳಿ, ಅದರ ಉತ್ತರದ ಹಿಂದೆ ಅಡಗಿದ್ದು ನನ್ನ ಹೇಡಿತನ. ತೀರ್ಮಾನ ಮಾಡಬೇಕಾದವನು ನಾನಾಗಿದ್ದೆ.

ಈಗ ನಮ್ಮಲ್ಲಿ ಕೈ ಎತ್ತಿದ ಮಗುವನ್ನು ಯಾಕೆ ಎಂದು ಯಾರೂ ಕೇಳುವುದಿಲ್ಲ. ಹೊರಗೆ ಬರುತ್ತದೆ, ಗುಣವಾದ ಮೇಲೆ ಅದರ ಜಾಗ ಅದಕ್ಕೇ ಸಿಗುತ್ತದೆ. ಪಂದ್ಯ ಮುಗಿದ ಮೇಲೆ ಎಲ್ಲರ ಮುಂದೆ ನಾನು ಮೊದಲು ಹೊಗಳುವುದು ನೋವಾಯಿತು ಎಂದು ಬಂದು ಹೇಳಿದ ಮಗುವನ್ನು. ಆ ಹುಡುಗನೂ ಮತ್ತೆ ಆಡುತ್ತಿದ್ದಾನೆ. ಚಿಕ್ಕವರಿಗೆ ಶಿನ್ ಗಾರ್ಡ್ ಕಟ್ಟುವುದನ್ನು ಅವನೇ ಕಲಿಸುತ್ತಾನೆ, ಸಡಿಲ ಕಟ್ಟಿದವರನ್ನು ವಾಪಸ್ ಕಳಿಸುತ್ತಾನೆ.

ನಿಮ್ಮ ಊರಿನಲ್ಲೂ ಮಕ್ಕಳ ಪಂದ್ಯಕ್ಕೆ ಚಂದಾ ಎತ್ತುತ್ತಿದ್ದರೆ ನನ್ನದೊಂದು ಬೇಡಿಕೆ. ಖರ್ಚಿನ ಪಟ್ಟಿಯ ಮೊದಲ ಸಾಲಿನಲ್ಲಿ ಶಿನ್ ಗಾರ್ಡ್, ಎರಡನೆಯದರಲ್ಲಿ ಶೂ, ಮೂರನೆಯದರಲ್ಲಿ ಪ್ರಥಮ ಚಿಕಿತ್ಸೆ ಮತ್ತು ಗಾಡಿ ಬರೆಯಿರಿ. ದುಡ್ಡು ಉಳಿದರೆ ಜೆರ್ಸಿ ತನ್ನಿ. ಆಮೇಲೂ ಉಳಿದರೆ ಕಪ್ಪು. ಉಳಿಯದಿದ್ದರೆ ಕಪ್ಪಿಲ್ಲದೆಯೇ ಆಡಿಸಿ, ಮಕ್ಕಳು ಅಷ್ಟೇ ಖುಷಿಯಾಗಿ ಆಡುತ್ತಾರೆ.